ಅಂಕಿ ತಿದ್ದಬೇಡಿ, ಪಕ್ಕದಲ್ಲಿ ನಿಮ್ಮದನ್ನು ಬರೆಯಿರಿ

ವಿಜಯಪುರ, ಬಾಗಲಕೋಟೆ ಕಡೆ ಹಿಂಗಾರಿ ಬಿಳಿಜೋಳ ಕೊಯ್ಲಿಗೆ ಬಂತೆಂದರೆ ಬೆಳೆ ಕಟಾವು ಪ್ರಯೋಗದ ಹಂಗಾಮೂ ಬಂತು. ಇಳುವರಿ ಎಷ್ಟೆಂದು ತಿಳಿಯಲು ಕಂದಾಯ, ಕೃಷಿ, ಪಂಚಾಯಿತಿ ಸಿಬ್ಬಂದಿ ಗೊತ್ತುಪಡಿಸಿದ ಹೊಲಕ್ಕೆ ಹೋಗಿ ಐದು ಮೀಟರ್ ಚೌಕ ಹಾಕಿ, ಕೊಯ್ದು, ರಾಶಿ ಮಾಡಿ, ತೂಗಿ, ಮೊಬೈಲ್ ಆ್ಯಪ್‌ಗೆ ಏರಿಸುತ್ತಾರೆ. ಅವರನ್ನು ಮೂಲ ಕಾರ್ಯಕರ್ತರು ಎನ್ನುತ್ತೇವೆ. ಅವರು ಮಾಡಿದ್ದು ಸರಿಯಿದೆಯೇ ಎಂದು ಇನ್ನೊಬ್ಬರು ಹೋಗಿ ನೋಡುವುದು ತಪಾಸಣೆ. ಈ ಬರಹ ಆ ಎರಡನೆಯ ಕೆಲಸಕ್ಕೆ ಹೊಸದಾಗಿ ಹೊರಡುವವರಿಗೆ.

ಮೊದಲು ಮುಖ್ಯ ಮಾತು. ತಪಾಸಣೆಗೆ ಹೋದವರು ಅಂಕಿ ತಿದ್ದಬಾರದು. ಮೂಲ ಕಾರ್ಯಕರ್ತರು 1 ಕಿಲೋ 750 ಗ್ರಾಂ ಬರೆದಿದ್ದು, ನಿಮ್ಮ ಕಾಂಟಾ 1 ಕಿಲೋ 600 ತೋರಿಸಿದರೆ, ಅವರ ಅಂಕಿಯನ್ನು ಹಾಗೇ ಬಿಟ್ಟು ಪಕ್ಕದ ಕಾಲಂನಲ್ಲಿ ನಿಮ್ಮದನ್ನು ಬರೆದು, ವ್ಯತ್ಯಾಸ ಏಕೆ ಬಂತೆಂದು ಒಂದು ಸಾಲು ಸೇರಿಸಬೇಕು. ಹೊಡೆದು ತಿದ್ದಿದರೆ ದಾಖಲೆಯಲ್ಲಿ ಉಳಿಯುವುದು ಒಂದೇ ಅಂಕಿ. ಆಮೇಲೆ ತಾಲ್ಲೂಕಿನಲ್ಲಿ ಎಷ್ಟು ಪ್ರಯೋಗ ತಪ್ಪಿದವು, ಯಾವ ಕಡೆಗೆ ತಪ್ಪಿದವು, ತಪ್ಪು ಟೇಪಿನದೋ ತೂಕದ್ದೋ ಹೊಲ ಬದಲಿಸಿದ್ದರದೋ ಎಂದು ಹೇಳಲು ಯಾರ ಕೈಯಲ್ಲೂ ಏನೂ ಇರುವುದಿಲ್ಲ. ಒಬ್ಬರ ತಪ್ಪು ಸರಿಹೋದಂತೆ ಕಾಣುತ್ತದೆ, ಇಡೀ ಪದ್ಧತಿಯ ತಪ್ಪು ಮುಚ್ಚಿಹೋಗುತ್ತದೆ.

ಇಷ್ಟು ಕಟ್ಟುನಿಟ್ಟು ಏಕೆಂದರೆ ಹಣದ ಲೆಕ್ಕ ಇದರ ಮೇಲೆ ನಿಂತಿದೆ. 2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯೇ ವಿಮಾ ಘಟಕ. ಒಂದು ಪಂಚಾಯಿತಿಗೆ ಒಂದು ಬೆಳೆಯ 4 ಪ್ರಯೋಗ. ಉಳಿದ ಬೆಳೆಗಳಿಗೆ ಹೋಬಳಿ ಮಟ್ಟದಲ್ಲಿ 10. ಹಿಂದಿನ 7 ವರ್ಷಗಳಲ್ಲಿ ಚೆನ್ನಾಗಿ ಬಂದ 5 ವರ್ಷಗಳ ಸರಾಸರಿಯನ್ನು ನಷ್ಟ ಭರ್ತಿಯ ಮಟ್ಟದಿಂದ (ಆ ಸರಾಸರಿಯ ಎಷ್ಟು ಪಾಲಿಗೆ ವಿಮೆಯ ಖಾತರಿ ಇದೆಯೋ ಅದರಿಂದ) ಗುಣಿಸಿದರೆ ಸಿಗುವುದು ಪ್ರಾರಂಭಿಕ ಇಳುವರಿ. ಈ ವರ್ಷದ ಇಳುವರಿ ಅದಕ್ಕಿಂತ ಎಷ್ಟು ಪಾಲು ಕಡಿಮೆಯೋ ವಿಮಾ ಮೊತ್ತದ ಅಷ್ಟು ಪಾಲು ಪರಿಹಾರ.

ಒಂದು ಉದಾಹರಣೆ ಕಟ್ಟಿ ನೋಡೋಣ. ಪ್ರಾರಂಭಿಕ ಇಳುವರಿ ಹೆಕ್ಟೇರಿಗೆ 800 ಕಿಲೋ ಎಂದಿಟ್ಟುಕೊಳ್ಳಿ. ನಾಲ್ಕು ಹೊಲಗಳಲ್ಲಿ ಬಂದದ್ದು 300, 500, 700, 900. ಸರಾಸರಿ 600, ಅಂದರೆ ಕೊರತೆ ಶೇ 25. ಈಗ 300 ಬಂದ ಹೊಲವನ್ನು ‘ಅಲ್ಲಿ ಬೆಳೆನೇ ಇಲ್ಲ’ ಎಂದು ಬಿಟ್ಟು, ಪಕ್ಕದ 800 ಬರುವ ಹೊಲದಲ್ಲಿ ಚೌಕ ಹಾಕಿದರು. ಸರಾಸರಿ 725 ಆಯಿತು, ಕೊರತೆ ಶೇ 9.4ಕ್ಕೆ ಇಳಿಯಿತು. ಹೆಕ್ಟೇರಿಗೆ 40,000 ರೂಪಾಯಿ ವಿಮೆ ಇದ್ದರೆ ಪರಿಹಾರ 10,000ದಿಂದ 3,750ಕ್ಕೆ ಬಂತು. ಅದೂ ಒಬ್ಬ ರೈತನಿಗಲ್ಲ, ಆ ಪಂಚಾಯಿತಿಯಲ್ಲಿ ಆ ಬೆಳೆಗೆ ವಿಮೆ ಕಟ್ಟಿದ ಎಲ್ಲರಿಗೂ. ಒಂದೇ ಒಂದು ಹೊಲದ ಬದಲಾವಣೆ ಇಷ್ಟು ಮಾಡುತ್ತದೆ. ಉಲ್ಟಾ ದಿಕ್ಕಿನಲ್ಲೂ ಹೀಗೇ: ಬರಡು ಮೂಲೆ ಹುಡುಕಿ ಚೌಕ ಹಾಕಿದರೆ ಆಗದ ನಷ್ಟಕ್ಕೆ ಸಾರ್ವಜನಿಕ ಹಣ ಹೋಗುತ್ತದೆ. ತಪಾಸಣೆಗೆ ಹೋದವರು ರೈತರ ಪರವೂ ಅಲ್ಲ, ಕಂಪನಿಯ ಪರವೂ ಅಲ್ಲ, ಇಲಾಖೆಯ ಪರವೂ ಅಲ್ಲ. ಆ ಚೌಕದಲ್ಲಿ ಏನು ಬೆಳೆದಿದೆಯೋ ಅದರ ಪರ.

ಆದ್ದರಿಂದ ಹೊಲಕ್ಕೆ ಹೋದಾಗ ತೂಕಕ್ಕಿಂತ ಮೊದಲು ನೋಡಬೇಕಾದದ್ದು ಹೊಲವನ್ನು. ಪಟ್ಟಿಯಲ್ಲಿರುವ ಸರ್ವೆ ನಂಬರು, ಹಿಸ್ಸಾ ಸಮೇತ, ಉತಾರದಲ್ಲಿ (ಪಹಣಿಯಲ್ಲಿ) ಇರುವುದಕ್ಕೆ ಹೊಂದುತ್ತದೆಯೇ? 112/2ಎ ಬದಲು 112/2ಬಿಯಲ್ಲಿ ನಿಂತಿರುವುದು ಬಹಳ ಸಲ ಆಗುತ್ತದೆ, ಯಾಕೆಂದರೆ ಅಣ್ಣತಮ್ಮಂದಿರ ನಡುವೆ ಒಡ್ಡು ಮಾತ್ರ ಇರುತ್ತದೆ, ಕೆಲವೆಡೆ ಅದೂ ಇರುವುದಿಲ್ಲ. ಆ ನಂಬರಿನಲ್ಲಿ ಆ ಬೆಳೆಯೇ ಇಲ್ಲದಿದ್ದರೆ ಪಟ್ಟಿಯ ಕ್ರಮದಲ್ಲಿ ಮುಂದಿನ ನಂಬರಿಗೆ ಹೋಗಬಹುದು. ಬೀಜೋತ್ಪಾದನೆಯ ತಾಕು, ಪ್ರಾತ್ಯಕ್ಷಿಕೆಯ ತಾಕು ಆಗಿದ್ದರೂ ಬಿಡಬೇಕು. ಆದರೆ ಬೆಳೆ ಬಿತ್ತಿ, ಒಣಗಿ, ಅರ್ಧ ನಿಂತಿದ್ದರೆ ಅದು ಬಿಡುವ ಕಾರಣವಲ್ಲ. ಒಣಗಿದ ಹೊಲವೂ ಹೊಲವೇ. ಅಲ್ಲಿ 200 ಗ್ರಾಂ ಬಂದರೆ 200 ಗ್ರಾಂ ಬರೆಯಬೇಕು, ಏನೂ ಬರದಿದ್ದರೆ ಸೊನ್ನೆ. ಹೊಲ ಬದಲಾದ ಪ್ರತಿ ಪ್ರಯೋಗಕ್ಕೂ ತಪಾಸಣೆ ಪುಟದಲ್ಲಿ ಮೂರು ಸಂಗತಿ ಇರಲಿ: ಮೊದಲಿನ ನಂಬರು, ಬದಲಿ ನಂಬರು, ಕಾರಣ. ಹಂಗಾಮಿನ ಕೊನೆಗೆ ಕಾರಣದ ಕಾಲಂನಲ್ಲಿ ‘ಬೆಳೆ ಚೆನ್ನಾಗಿಲ್ಲ’ ಎಂಬುದು ಮತ್ತೆ ಮತ್ತೆ ಕಂಡರೆ ಆ ಹೋಬಳಿಯ ಸರಾಸರಿ ಮೇಲಕ್ಕೆ ವಾಲಿದೆ ಎಂದೇ ಅರ್ಥ.

ಇನ್ನು ಚೌಕ. ಹೊಲದ ನೈಋತ್ಯ ಮೂಲೆಯಲ್ಲಿ ನಿಂತು ಉದ್ದ, ಅಗಲವನ್ನು ಹೆಜ್ಜೆಯಲ್ಲಿ ಅಳೆಯುತ್ತಾರೆ. ಉದ್ದ 120 ಹೆಜ್ಜೆ, ಅಗಲ 60 ಎಂದಾದರೆ, ಚೌಕವೇ ಹಿಡಿಯುವ 5 ಮೀಟರ್‌ಗೆ ಎರಡರಲ್ಲೂ 7 ಹೆಜ್ಜೆ ಕಳೆದು 113 ಮತ್ತು 53 ಉಳಿಯುತ್ತದೆ. ಇದರೊಳಗೆ ಬಂದ ಯಾದೃಚ್ಛಿಕ ಸಂಖ್ಯೆಗಳು, ಅಂದರೆ ಯಾರ ಆಯ್ಕೆಯೂ ಇಲ್ಲದೆ ಬಿದ್ದ ನಂಬರುಗಳು, 84 ಮತ್ತು 31 ಆದರೆ ಉದ್ದಕ್ಕೆ 84 ಹೆಜ್ಜೆ ನಡೆದು, ಅಲ್ಲಿಂದ ಒಳಕ್ಕೆ 31 ಹೆಜ್ಜೆ. ಮೊದಲ ಗೂಟ ಅಲ್ಲಿಗೆ. ಈ ಕ್ಷಣದಲ್ಲಿ ಕೇಳಿಬರುವ ಮಾತು ಎಲ್ಲ ಕಡೆಗೂ ಒಂದೇ: “ಸಾಹೇಬ್ರ, ಆ ಮೂಲ್ಯಾಗ ಏನೂ ಇಲ್ರಿ, ಈ ಕಡಿ ಹಾಕ್ರಿ.” ಇದಕ್ಕೆ ಸಿಟ್ಟಾಗಬೇಕಿಲ್ಲ. ರೈತರು ತಮ್ಮ ಒಳ್ಳೆಯ ಬೆಳೆ ತೋರಿಸುವ ಹೆಮ್ಮೆಯಿಂದಲೂ ಹಾಗೆ ಅಂದಿರಬಹುದು. “ಯಜಮಾನ್ರ, ನಂಬರ್ ಎಲ್ಲಿ ಬಿದ್ದೈತಿ ಅಲ್ಲೇ ಹಾಕಬೇಕ್ರಿ” ಎಂದು ತಿಳಿಸಿ ಹೇಳಿದರೆ ಸಾಕು. ತಪಾಸಣೆಗೆ ಹೋದವರು ಇದೇ ಹೆಜ್ಜೆಗಳನ್ನು ತಾವೂ ನಡೆದು ನೋಡಬೇಕು. ಹೆಜ್ಜೆ ಒಬ್ಬರಿಂದ ಒಬ್ಬರಿಗೆ ಬೇರೆ, ಆದ್ದರಿಂದ ಎರಡು ಮೂರು ಮೀಟರ್ ಆಚೀಚೆ ಆಗುವುದು ಸಹಜ. ಗೂಟ ಇಪ್ಪತ್ತು ಮೀಟರ್ ದೂರ ಇದ್ದರೆ ಮಾತ್ರ ಅದು ಹೆಜ್ಜೆಯ ವ್ಯತ್ಯಾಸ ಅಲ್ಲ.

ನಾಲ್ಕು ಬದಿ 5 ಮೀಟರ್ ಇದ್ದ ಮಾತ್ರಕ್ಕೆ ಚೌಕ ಆಗುವುದಿಲ್ಲ. ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ: 7 ಮೀಟರ್ 7 ಸೆಂಟಿಮೀಟರ್ ಬರಬೇಕು, ಎರಡೂ ಕಡೆ. ಒಂದು ಕರ್ಣ 6 ಮೀಟರ್, ಇನ್ನೊಂದು 8 ಬಂದರೆ ಬದಿಗಳು ಸರಿಯಾಗಿದ್ದೂ ಒಳಗಿನ ಜಾಗ 24 ಚದರ ಮೀಟರ್ ಮಾತ್ರ, ಇಳುವರಿ ಶೇ 4 ಕಡಿಮೆ ಬಿತ್ತು. ಹಳೆಯ ನೂಲಿನ ಹಗ್ಗ ಎಳೆದೆಳೆದು ಒಂದೊಂದು ಬದಿಗೆ 10 ಸೆಂಟಿಮೀಟರ್ ಉದ್ದವಾಗಿದ್ದರೆ 26 ಚದರ ಮೀಟರ್, ಶೇ 4 ಹೆಚ್ಚು. ಎರಡೂ ಚಿಕ್ಕ ತಪ್ಪು ಅನಿಸುತ್ತದೆ. ಆದರೆ ಹಗ್ಗದ ತಪ್ಪು ಆ ಕಾರ್ಯಕರ್ತರು ಹಾಕುವ ಪ್ರತಿ ಚೌಕದಲ್ಲೂ ಒಂದೇ ಕಡೆಗೆ ಬೀಳುತ್ತದೆ, ಸರಾಸರಿ ತೆಗೆದರೆ ಹೋಗುವುದಿಲ್ಲ. ಹಗ್ಗವನ್ನು ಟೇಪಿನ ಪಕ್ಕ ಇಟ್ಟು ಅಳೆದ ದಿನಾಂಕವನ್ನು ಪುಟದ ಮೇಲೆ ಬರೆಯುವುದು ಅದಕ್ಕೇ. ತೊಗರಿ, ಹತ್ತಿಯಂಥ ದೂರ ಸಾಲಿನ ಬೆಳೆಗೆ ಅಳತೆ ಬೇರೆ ಇರುತ್ತದೆ, ಹೊರಡುವ ಮುಂಚೆ ಕೈಪಿಡಿ ನೋಡಿಕೊಳ್ಳಿ.

ಅಂಚಿನ ಗಿಡಗಳದ್ದೇ ದೊಡ್ಡ ಗೊಂದಲ. ಜೋಳ ಆಳೆತ್ತರ ಇರುತ್ತದೆ, ಗಾಳಿಗೆ ಬಾಗಿರುತ್ತದೆ. ಹಗ್ಗ ದಂಟಿನ ಮೇಲೆ ಕೂತರೆ ಯಾವ ಗಿಡ ಒಳಗೆ, ಯಾವುದು ಹೊರಗೆ ಗೊತ್ತಾಗುವುದಿಲ್ಲ. ಹಗ್ಗವನ್ನು ನೆಲಕ್ಕೆ ತಾಗುವಂತೆ ಇಳಿಸಿ ಬಿಗಿಯಬೇಕು. ಬುಡ ಒಳಗಿದ್ದರೆ ಗಿಡ ಒಳಗೆ, ತೆನೆ ಎತ್ತ ಬಾಗಿದ್ದರೂ. 45 ಸೆಂಟಿಮೀಟರ್ ಅಂತರದ ಕೂರಿಗೆ ಸಾಲಿನಲ್ಲಿ 5 ಮೀಟರ್‌ಗೆ 11 ಸಾಲು ಬರುತ್ತವೆ. ‘ಇದೂ ಇರಲಿ’ ಎಂದು ಒಂದು ಸಾಲು ಸೇರಿಸಿದರೆ ಶೇ 9 ಹೆಚ್ಚಾಯಿತು. ಇದು ಇವತ್ತು ಗೊತ್ತಾದ ವಿಷಯ ಅಲ್ಲ. 1940ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರು ಸಣ್ಣ ಚೌಕ, ವೃತ್ತಗಳ ಪರವಾಗಿದ್ದಾಗ, ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಅವರು ಸಣ್ಣ ತುಂಡುಗಳಲ್ಲಿ ಅಂಚಿನ ಗಿಡಗಳು ಒಳಗೆ ಸೇರಿ ಇಳುವರಿ ಹೆಚ್ಚು ತೋರುತ್ತದೆ ಎಂದು ಪ್ರಯೋಗಗಳಿಂದ ತೋರಿಸಿದರು. ಲೆಕ್ಕ ಸರಳ: 1 ಚದರ ಮೀಟರ್ ತುಂಡಿಗೆ 4 ಮೀಟರ್ ಅಂಚು, 25 ಚದರ ಮೀಟರ್‌ಗೆ 20 ಮೀಟರ್ ಅಂಚು, ಅಂದರೆ ಚದರ ಮೀಟರಿಗೆ ಮುಕ್ಕಾಲಿಗಿಂತ ಚೂರು ಹೆಚ್ಚು. ಚೌಕ ದೊಡ್ಡದಾದಷ್ಟೂ ಅಂಚಿನ ಕಾಟ ಕಡಿಮೆ. ಪೂರ್ತಿ ತಪ್ಪುವುದಿಲ್ಲ, ಹಗ್ಗ ಇಳಿಸದಿದ್ದರೆ.

ಊರಿಗೆ, ದಾರಿಗೆ ಹತ್ತಿರದ ಹೊಲದಲ್ಲಿ ಇನ್ನೊಂದು ನೋಡಿ. ಕಾಳು ಹಾಲು ತುಂಬಿದಾಗ ಸೀತನಿಗೆ (ಹಸಿ ತೆನೆ ಸುಟ್ಟು ತಿನ್ನಲು) ತೆನೆ ಮುರಿದಿರುತ್ತಾರೆ. ಚೌಕದೊಳಗೆ ತೆನೆಯಿಲ್ಲದ ದಂಟು ಎಷ್ಟಿವೆ ಎಣಿಸಿ ಷರಾ ಬರೆಯಿರಿ. ಅದಕ್ಕಾಗಿ ತೂಕಕ್ಕೆ ಏನೂ ಸೇರಿಸಬಾರದು.

ತೂಕದಲ್ಲಿ ಗುಣಕವನ್ನು ಮರೆಯಲೇಬಾರದು. 25 ಚದರ ಮೀಟರ್ ಎಂದರೆ ಹೆಕ್ಟೇರಿನ 400ನೇ ಒಂದು ಭಾಗ. ಕಾಂಟಾದಲ್ಲಿ 50 ಗ್ರಾಂ ತಪ್ಪಿದರೆ ಹೆಕ್ಟೇರಿಗೆ 20 ಕಿಲೋ. ಗೋಣಿಚೀಲದ ಸಮೇತ ತೂಗಿ ಚೀಲದ ತೂಕ ಕಳೆಯದಿದ್ದರೆ, ಚೀಲವೇ ಅರ್ಧ ಕಿಲೋಗಿಂತ ಹೆಚ್ಚು ಇರುವುದರಿಂದ, 200 ಕಿಲೋಗೂ ಮಿಗಿಲು! ಮೇಲಿನ ಉದಾಹರಣೆಯ 300 ಕಿಲೋ ಹೊಲ ಇದೊಂದರಿಂದಲೇ 500 ದಾಟುತ್ತದೆ. ತಪಾಸಣೆಗೆ ಹೋಗುವವರು ಮುದ್ರೆ ಇರುವ 1 ಕಿಲೋ ಮತ್ತು 500 ಗ್ರಾಂ ತೂಕದ ಬೊಟ್ಟು ಚೀಲದಲ್ಲಿ ಇಟ್ಟುಕೊಂಡಿರಬೇಕು. ತೂಗುವ ಮುಂಚೆ ಮೂಲ ಕಾರ್ಯಕರ್ತರ ಕಾಂಟಾದ ಮೇಲೆ ಅವನ್ನು ಇಟ್ಟು ಏನು ತೋರಿಸಿತೋ ಬರೆದುಕೊಳ್ಳಿ. ಬ್ಯಾಟರಿ ಇಳಿದ ಎಲೆಕ್ಟ್ರಾನಿಕ್ ಕಾಂಟಾ, ಉಬ್ಬುತಗ್ಗಿನ ಎರಿ (ಕಪ್ಪು ಮಣ್ಣಿನ) ನೆಲದ ಮೇಲೆ ಇಟ್ಟ ಕಾಂಟಾ, ಎರಡೂ ಸುಳ್ಳು ಹೇಳುತ್ತವೆ. ಕೆಳಗೊಂದು ಹಲಗೆ ಹಾಕಿ. ರಾಶಿ ಮಾಡುವಾಗ ತಾಡಪತ್ರಿ ಹಾಸಿರಬೇಕು. ಎರಿ ಹೊಲದ ಬಿರುಕಿಗೆ ಬಿದ್ದ ಕಾಳು ಮೇಲೆ ಬರುವುದಿಲ್ಲ.

ಕ್ಷೇತ್ರದ ಲೆಕ್ಕದ, ಅಂದರೆ ಯಾವ ಬೆಳೆ ಎಷ್ಟು ಎಕರೆ ಎಂಬುದರ ತಪಾಸಣೆ ಇದಕ್ಕಿಂತ ಬೇಸರದ ಕೆಲಸ, ಆದರೆ ತಪ್ಪು ಅಲ್ಲಿ ಹೆಚ್ಚು. ಇಳುವರಿ ಸರಿಯಿದ್ದು ಎಕರೆ ತಪ್ಪಿದರೆ ಒಟ್ಟು ಉತ್ಪಾದನೆ ತಪ್ಪಿತು. ಅತಿ ಸಾಮಾನ್ಯ ತಪ್ಪು ಎಕರೆ-ಗುಂಟೆಯದು. 40 ಗುಂಟೆಗೆ ಒಂದು ಎಕರೆ. 1 ಎಕರೆ 20 ಗುಂಟೆಯನ್ನು 1.20 ಎಂದು ಬರೆದದ್ದನ್ನು ಕಂಪ್ಯೂಟರಿನಲ್ಲಿ ದಶಮಾಂಶವಾಗಿ ಓದಿದರೆ ಒಂದೂವರೆ ಎಕರೆ ಒಂದೂ ಕಾಲಿಗಿಂತ ಕೆಳಗೆ ಬಂತು. 2.35 ಎಂಬುದು 2.875 ಎಕರೆ. ಹಿಸ್ಸಾಗಳನ್ನು ಕೂಡಿಸಿದಾಗ ಸರ್ವೆ ನಂಬರಿನ ಒಟ್ಟು ಕ್ಷೇತ್ರ ಬರದಿದ್ದರೆ ಮೊದಲು ಇದನ್ನೇ ಸಂಶಯಿಸಿ. ಎರಡನೆಯದು ಅಕ್ಕಡಿ ಸಾಲು: ಜೋಳದ ನಡುವೆ ಕಡಲೆಯೋ ಕುಸುಬೆಯೋ ಇದ್ದರೂ ಪೂರ್ತಿ ಜೋಳ ಎಂದು ಏರಿಸಿರುತ್ತಾರೆ. ಸಾಲು ಎಣಿಸಿ ಅನುಪಾತ ಬರೆಯಬೇಕು. ಮೂರನೆಯದು ಹೋದ ವರ್ಷದ ಬೆಳೆಯನ್ನೇ ಚಾವಡಿಯಲ್ಲಿ ಕೂತು ಮತ್ತೆ ಬರೆಯುವುದು. ಆ್ಯಪ್‌ನಲ್ಲಿ ಫೋಟೊ ಕಡ್ಡಾಯವಾದ ಮೇಲೆ ಇದು ಕಡಿಮೆಯಾಗಿದೆ, ಆದರೆ ಒಡ್ಡಿನ ಮೇಲೆ ನಿಂತು ಪಕ್ಕದ ಹೊಲದ ಫೋಟೊ ತೆಗೆಯಲು ಯಾವ ಆ್ಯಪ್ ತಡೆಯುತ್ತದೆ? ಫೋಟೊದ ಜಿಪಿಎಸ್ ಗುರುತನ್ನು ಹೊಲದ ನಡುವೆ ನಿಂತು ಹೋಲಿಸಬೇಕು. ಬಾಗಲಕೋಟೆ ಕಡೆ ಆಲಮಟ್ಟಿ ಹಿನ್ನೀರಿನ ಅಂಚಿನ ಜಮೀನು ಬೇರೆಯೇ ಸಮಸ್ಯೆ. ನೀರು 519.60 ಮೀಟರ್ ಮಟ್ಟಕ್ಕೆ ಬಂದಾಗ ಮುಳುಗಿ, ಇಳಿದ ಮೇಲೆ ಬಿತ್ತನೆಯಾಗುವ ನೆಲ ಅದು. ದಾಖಲೆಯಲ್ಲಿ ಸ್ವಾಧೀನ, ಕಣ್ಣಿಗೆ ಬೆಳೆ. ಕಂಡದ್ದನ್ನು ಕಂಡಂತೆ ಷರಾದಲ್ಲಿ ಹಾಕಿ; ಯಾರ ಹೆಸರಿಗೆ ಎಂಬ ತೀರ್ಮಾನ ತಪಾಸಣೆಯ ಕೆಲಸ ಅಲ್ಲ.

ಎರಡನೇ ಕಣ್ಣು ಬೇಕೆಂಬ ವಿಚಾರ ಈ ಭಾಗಕ್ಕೆ ಹೊಸದಲ್ಲ. ಬೆಳಗಾವಿ, ವಿಜಾಪುರ (ಈಗಿನ ವಿಜಯಪುರ) ಜಿಲ್ಲೆಗಳು ಮೊದಲು ಮುಂಬಯಿ ಪ್ರಾಂತ್ಯದಲ್ಲಿ, ಸ್ವಾತಂತ್ರ್ಯದ ನಂತರ 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು. ಅಲ್ಲಿಯ ಪದ್ಧತಿ ಆಣೆವಾರಿ: ಪೂರ್ಣ ಬೆಳೆಗೆ 16 ಆಣೆ ಎಂದಿಟ್ಟು ಕಣ್ಣಂದಾಜಿನಿಂದ ಈ ವರ್ಷ ಎಂಟಾಣೆ, ಆರಾಣೆ ಎನ್ನುವುದು. ಹಿರಿಯರು ಇವತ್ತಿಗೂ ಹಾಗೇ ಮಾತಾಡುತ್ತಾರೆ. ಕಣ್ಣಂದಾಜು ಹೇಳುವವರ ಮೇಲೆ ನಿಂತಿದ್ದರಿಂದ ಯಾದೃಚ್ಛಿಕವಾಗಿ ಆರಿಸಿದ ಚೌಕದ ಕಟಾವು ಬಂತು. ಆ ಕಟಾವನ್ನೂ ಹೊರಗಿನವರು ನೋಡಬೇಕೆಂದು 1973-74ರಲ್ಲಿ ಬೆಳೆ ಅಂಕಿಅಂಶ ಸುಧಾರಣಾ ಯೋಜನೆ ಬಂತು. ಅದರಲ್ಲಿ ಕೇಂದ್ರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಕ್ಷೇತ್ರ ಸಿಬ್ಬಂದಿ ಮತ್ತು ರಾಜ್ಯದ ಸಿಬ್ಬಂದಿ ಹಳ್ಳಿಗಳನ್ನು ಹಂಚಿಕೊಂಡು ಮಾದರಿ ತಪಾಸಣೆ ಮಾಡುತ್ತಾರೆ. ದೇಶದ ಮಟ್ಟದಲ್ಲಿ, ಅಂಕಿಅಂಶ ವ್ಯವಸ್ಥೆಯನ್ನು ಪರಿಶೀಲಿಸಿದ ರಂಗರಾಜನ್ ಆಯೋಗದ 2001ರ ವರದಿಯ ನಂತರ ರಾಷ್ಟ್ರೀಯ ಸಾಂಖ್ಯಿಕ ಆಯೋಗ ರಚನೆಯಾಯಿತು. ಆದರೆ ಅದು ಸರ್ಕಾರದ ನಿರ್ಣಯದಿಂದ ಬಂದದ್ದು, ಅದಕ್ಕೆ ತನ್ನದೇ ಕಾಯ್ದೆಯ ಬಲ ಇಲ್ಲ. ಬ್ರಿಟನ್ನಿನಲ್ಲಿ 2007ರ ಕಾಯ್ದೆಯಿಂದ ಹುಟ್ಟಿದ ಸಾಂಖ್ಯಿಕ ಪ್ರಾಧಿಕಾರ ನೇರ ಸಂಸತ್ತಿಗೆ ಉತ್ತರ ಕೊಡುತ್ತದೆ. ಮಂತ್ರಿಯೊಬ್ಬರು ಅಂಕಿಯನ್ನು ತಪ್ಪಾಗಿ ಬಳಸಿದರೆ ಅದರ ಅಧ್ಯಕ್ಷರು ಬಹಿರಂಗ ಪತ್ರ ಬರೆಯುತ್ತಾರೆ. ಅವರು ಮಾಡುವುದೂ ಪಕ್ಕದಲ್ಲಿ ಬರೆಯುವ ಕೆಲಸವೇ.

ಚಿಕ್ಕ ಪ್ರದೇಶದಲ್ಲಿ ಇದು ಕಷ್ಟ. ಒಂದೇ ತಾಲ್ಲೂಕಿನಲ್ಲಿ ಅಳೆದವರು, ನೋಡುವವರು, ಹೊಲದವರು ಎಲ್ಲ ಪರಿಚಯಸ್ಥರು. ಜಾತ್ರೆಯಲ್ಲಿ, ಮದುವೆಯಲ್ಲಿ ಎದುರಾಗುವವರು. ಅದಕ್ಕೆ ಮನುಷ್ಯರ ಒಳ್ಳೆಯತನವೊಂದನ್ನೇ ನಂಬದೆ ಏರ್ಪಾಡು ಮಾಡಬೇಕು. ತಪಾಸಣೆಗೆ ಬೇರೆ ತಾಲ್ಲೂಕಿನವರನ್ನು ಹಾಕುವುದು, ಯಾವ ಪ್ರಯೋಗ ನೋಡಬೇಕೆಂಬುದನ್ನು ಚೀಟಿ ಎತ್ತಿಯೋ ಕಂಪ್ಯೂಟರಿನಿಂದಲೋ ಆರಿಸುವುದು, ಟೇಪು ಮತ್ತು ಬೊಟ್ಟು ತಪಾಸಣೆಯವರದೇ ಆಗಿರುವುದು, ಕಟಾವಿನ ದಿನಾಂಕವನ್ನು ಮೂರು ದಿನ ಮುಂಚೆ ತಿಳಿಸಬೇಕೆಂದು ಲಿಖಿತವಾಗಿ ಕೇಳುವುದು. ಕೊನೆಯದು ಬಹಳ ಮುಖ್ಯ. ‘ನಿನ್ನೆ ಸಂಜೆನೇ ಕೊಯ್ದುಬಿಟ್ರು’ ಎಂಬ ಫೋನು ಬಂದರೆ ಆ ಪ್ರಯೋಗಕ್ಕೆ ‘ನೋಡಲಾಗಲಿಲ್ಲ’ ಎಂದೇ ಬರೆಯಬೇಕು. ಮೂಲ ಅಂಕಿಯನ್ನು ನಕಲು ಮಾಡಿ ಎರಡೂ ಹೊಂದುತ್ತವೆ ಎಂದು ತೋರಿಸುವುದು ತಪಾಸಣೆಯಲ್ಲಿ ಆಗುವ ಅತಿ ಕೆಟ್ಟ ಕೆಲಸ. ತಾಲ್ಲೂಕಿನ ಎಲ್ಲ ಪ್ರಯೋಗಗಳಲ್ಲೂ ಎರಡು ಕಾಲಂ ಗ್ರಾಂ ಲೆಕ್ಕದಲ್ಲಿ ಒಂದೇ ಆಗಿದ್ದರೆ ಅದನ್ನು ಒಳ್ಳೆಯ ಫಲಿತಾಂಶ ಎಂದುಕೊಳ್ಳಬೇಡಿ. ಎರಡು ಕಾಂಟಾ ಯಾವತ್ತೂ ಅಷ್ಟು ಒಪ್ಪುವುದಿಲ್ಲ.

ಚಿಕ್ಕ ಸಂಖ್ಯೆಯ ಇನ್ನೊಂದು ತೊಡಕನ್ನು ಮೇಲಧಿಕಾರಿಗಳಿಗೂ ಪತ್ರಕರ್ತರಿಗೂ ವಿವರಿಸಿ ಹೇಳಬೇಕಾಗುತ್ತದೆ. 300, 500, 700, 900ರ ಸರಾಸರಿ 600 ನಿಜ, ಆದರೆ ನಾಲ್ಕೇ ಹೊಲದಿಂದ ಬಂದ ಆ 600ಕ್ಕೆ ಸುಮಾರು 129 ಕಿಲೋ ಪ್ರಮಾಣ ದೋಷ ಇದೆ, ಅಂದರೆ ಬೇರೆ ನಾಲ್ಕು ಹೊಲ ಬಿದ್ದಿದ್ದರೆ ಸರಾಸರಿ ಸುಮಾರು ಅಷ್ಟು ಆಚೀಚೆ ಆಗುವುದು ಸಹಜ. ಪಕ್ಕದ ಪಂಚಾಯಿತಿ 650 ತೋರಿಸಿದರೆ ಅಲ್ಲಿ ಬೆಳೆ ಚೆನ್ನಾಗಿತ್ತೆಂದು ಹೇಳಲು ಬರುವುದಿಲ್ಲ. ಜಿಲ್ಲೆಗೆ ಬಂದಾಗ ಪ್ರಯೋಗಗಳು ನೂರಾರು ಆಗಿ ಈ ದೋಷ ಕುಗ್ಗುತ್ತದೆ, ಆದರೆ ಹಗ್ಗದ ದೋಷ, ಚೀಲದ ದೋಷ, ಹೊಲ ಬದಲಿಸಿದ ದೋಷ ಕುಗ್ಗುವುದಿಲ್ಲ. ತಪಾಸಣೆ ಹುಡುಕಬೇಕಾದದ್ದು ಈ ಎರಡನೇ ಜಾತಿಯದನ್ನು.

ನಾಲ್ಕೇ ಪ್ರಯೋಗ ಇರುವಾಗ ಸರ್ವೆ ನಂಬರು ಸಮೇತ ಇಳುವರಿಯನ್ನು ಹೊರಗೆ ಹೇಳಿದರೆ ಯಾರ ಹೊಲ ಎಂದು ಊರಿಗೆಲ್ಲ ಗೊತ್ತಾಗುತ್ತದೆ. 2008ರ ಅಂಕಿಅಂಶ ಸಂಗ್ರಹ ಕಾಯ್ದೆ ಒಬ್ಬೊಬ್ಬರ ಮಾಹಿತಿಯನ್ನು ಸಾಂಖ್ಯಿಕ ಉದ್ದೇಶಕ್ಕೆ ಬಿಟ್ಟು ಬಳಸದಂತೆ ಕಾಪಾಡುತ್ತದೆ. ತಪಾಸಣೆ ವರದಿಯ ಸಾರದಲ್ಲಿ ಹೋಬಳಿವಾರು ವ್ಯತ್ಯಾಸ ಇರಲಿ, ಹೆಸರು ಬೇಡ. ಮೂಲ ಕಾರ್ಯಕರ್ತರ ಹೆಸರೂ ಬೇಡ. ತಪ್ಪು ಹಿಡಿಸಿಕೊಳ್ಳುವ ಭಯ ಹುಟ್ಟಿದ ದಿನದಿಂದ ಅವರು ಕಟಾವಿನ ದಿನಾಂಕ ಮುಚ್ಚಿಡಲು ಶುರು ಮಾಡುತ್ತಾರೆ. ಗ್ರಾಮ ಆಡಳಿತಾಧಿಕಾರಿಗೆ ಒಂದೇ ವಾರದಲ್ಲಿ ಚುನಾವಣೆ ಪಟ್ಟಿ, ಪಿಂಚಣಿ ಅರ್ಜಿ, ಬೆಳೆ ಹಾನಿ ಸಮೀಕ್ಷೆ, ಅದರ ನಡುವೆ ಕಟಾವು ಎಂಬುದೂ ನೆನಪಿರಲಿ. ‘ಎರಡು ಮೂಲೆಗೆ ಟೇಪು ಹಿಡಿಯಲಿಲ್ಲ, ಜೊತೆಗೆ ಆಳು ಇರಲಿಲ್ಲ’ ಎಂಬ ಕಾರಣ ವರದಿಗೆ ಬಂದರೆ ಮುಂದಿನ ಹಂಗಾಮಿಗೆ ಒಬ್ಬ ಸಹಾಯಕರನ್ನಾದರೂ ಕೇಳಲು ಆಧಾರ ಸಿಗುತ್ತದೆ.

ಕೊನೆಗೆ ಒಣ ತೂಕ. ಆರಿಸಿದ ಕೆಲವು ಪ್ರಯೋಗಗಳಲ್ಲಿ ಕೊಯ್ದ ದಿನದ ತೂಕದ ಜೊತೆಗೆ ಒಣಗಿಸಿ ಮತ್ತೆ ತೂಗಬೇಕು. 2 ಕಿಲೋ 250 ಗ್ರಾಂ ಕಾಳು ಒಣಗಿ 2 ಕಿಲೋ 100 ಆದರೆ ಹೆಕ್ಟೇರಿಗೆ 900 ಇದ್ದದ್ದು 840. ಎರಡನೇ ಸಲ ಅದೇ ಹಳ್ಳಿಗೆ ಹೋಗಬೇಕಾದ್ದರಿಂದ ಹೆಚ್ಚು ತಪ್ಪಿಹೋಗುವುದು ಇದೇ. ಅಂದಾಜಿಗೆ ಶೇ 5 ಕಳೆದು ತುಂಬಿದ್ದು ಕಂಡರೆ, ಎಲ್ಲದರಲ್ಲೂ ಒಂದೇ ಪ್ರಮಾಣ ಇಳಿದಿರುವುದರಿಂದ ಗೊತ್ತಾಗುತ್ತದೆ. ಕಾಳನ್ನು ಬಟ್ಟೆ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಸರ್ವೆ ನಂಬರು, ಬೆಳೆ, ದಿನಾಂಕ, ಹಸಿ ತೂಕ ಬರೆದ ಒಂದು ಚೀಟಿ ಒಳಗೆ, ಒಂದು ಹೊರಗೆ. ಇಲಿ ಹತ್ತದ ಕಡೆ, ನೆಲದಿಂದ ಮೇಲೆ ತೂಗು ಹಾಕಬೇಕು. ದಿನ ತುಂಬಿದ ಮೇಲೆ ಹೋಗಿ ಗಂಟು ಬಿಚ್ಚಿ, ಬೊಟ್ಟು ಇಟ್ಟು ಕಾಂಟಾ ಪರೀಕ್ಷಿಸಿ, ತೂಗಿ, ಎರಡೂ ಕಾಲಂ ತುಂಬಿ, ಕಾಳನ್ನು ರೈತರಿಗೆ ಮರಳಿ ಕೊಟ್ಟು ರುಜು ಹಾಕಿಸಿಕೊಂಡರೆ ಆ ಪ್ರಯೋಗದ ಪುಟ ಮುಗಿಯಿತು.